ಕಾಫಿ ಲೋಟ ಮತ್ತು ನನ್ನ ಧೂಮಕೇತು

ಮಗ್ಗದ ಹುಚ್ಚು ಹತ್ತಿದ್ದು ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್‌ಬೆರಾದಲ್ಲಿ. ಅಲ್ಲಿನ ಪಾರ್ಲಿಮೆಂಟ್ ಹೌಸ್‌ನ ಗ್ರೇಟ್ ಹಾಲ್‌ನಲ್ಲಿ ಅಲ್ಲಿನ ಚಿತ್ರಕಾರ ಆರ್ಥರ್ ಬಾಯ್ಡ್ ಅವರ ಪೇಂಟಿಂಗ್ ನೋಡ್ಕೊಂಡು ಕೈಯಲ್ಲೇ ನೇಯ್ದ ಒಂದು ಟ್ಯಾಪೆಸ್ಟ್ರಿ, ಅಂದ್ರೆ ನೂಲಲ್ಲೇ ಚಿತ್ರ ಮೂಡಿಸಿದ ಗೋಡೆ ಬಟ್ಟೆ ಇದೆ, ಸುಮಾರು 20 ಮೀಟರ್ ಅಗಲ, 9 ಮೀಟರ್ ಎತ್ತರ, ಗೋಡೆ ತುಂಬಾ ನೀಲಗಿರಿ ಮರಗಳ ಕಾಡು. ಮೆಲ್ಬರ್ನ್‌ನ ನೇಕಾರರು ಎರಡು ವರ್ಷಕ್ಕೂ ಮೇಲೆ ಕೂತು ನೇಯ್ದಿದ್ದು. ನಂಗೆ ಹಿಡಿಸಿದ್ದು ಇನ್ನೊಂದು ವಿಷ್ಯ, ನೇಯ್ತಿದ್ದ ಕಾಲಕ್ಕೆ ಹ್ಯಾಲಿ ಧೂಮಕೇತು ಬಂದಿತ್ತು ಅಂತ ಬಾಯ್ಡ್ ಒಪ್ಪಿಗೆ ತಗೊಂಡು ಅದನ್ನೂ ಒಳಗೆ ಸೇರಿಸ್ಬಿಟ್ಟಿದಾರೆ!

ಸರಿ, ಮೆಲ್ಬರ್ನ್‌ಗೆ ವಾಪಸ್ ಬಂದವನೇ ಕ್ಲಾಸ್‌ಗೆ ಸೇರಿ, ಗರಾಜ್‌ನಲ್ಲಿ ಆರಡಿ ಮಗ್ಗ ನಿಲ್ಲಿಸಿ, ನೋಡ್ಕೊಂಡು ನೇಯೋಕೆ ಅಂತ ಗೆಳೆಯನೊಬ್ಬನ ಮಾಡರ್ನ್ ಪೇಂಟಿಂಗನ್ನ ದೊಡ್ಡದಾಗಿ ಪ್ರಿಂಟ್ ಹಾಕಿಸ್ದೆ. ಅವನು ಕುಂಚದಲ್ಲಿ ಒಂದ್ಸಲ ಸರ್ರಂತ ಎಳೆದಿದ್ದಕ್ಕೆ ನಂಗೆ ಒಂದು ತಿಂಗಳು. ಸೀರೆ ತರ ಹೊಕ್ಕಿನ ನೂಲು ಈ ಕಡೆಯಿಂದ ಆ ಕಡೆಗೆ ಹೋಗಲ್ಲ ಇದ್ರಲ್ಲಿ, ಒಂದೊಂದು ಬಣ್ಣ ತನ್ನ ಜಾಗದಲ್ಲೇ ಹೋಗಿ ಬಂದು ಮಾಡ್ತಿರತ್ತೆ, ಹಾಸು, ಅಂದ್ರೆ ಮಗ್ಗಕ್ಕೆ ಬಿಗಿದ ಉದ್ದದ ನೂಲು, ಪೂರ್ತಿ ಮುಚ್ಚೋ ತನಕ ಕುಟ್ಟಿ ಕುಟ್ಟಿ ಕೂರಿಸ್ಬೇಕು. ನೂಲು ಬಿಗಿಯಾಗಿ ಎಳ್ದೆ ಅಂತ ಮಧ್ಯದಲ್ಲಿ ಬಟ್ಟೆಗೆ ಸೊಂಟ ಬೇರೆ ಬಂತು.

ಪ್ರಿಂಟ್‌ನ ಬಲಗಡೆ ಮೂಲೇಲಿ ಒಂದು ಕಂದು ವೃತ್ತ. ಏನು ಆಳ, ಏನು ಸಂಯಮ ಅಂತ ತಲೆದೂಗಿ, ಕಂದು, ಇಟ್ಟಿಗೆ ಕೆಂಪು, ಕೆನೆ ಬಣ್ಣದ ಮೂರು ಎಳೆ ಉಣ್ಣೆ ಒಟ್ಟಿಗೆ ಸುತ್ಕೊಂಡು, ಅಂಚಲ್ಲಿ ಗಾಢ ಒಳಗೆ ತೆಳು ಬರೋ ಹಾಗೆ ಮೂರು ವೀಕೆಂಡ್ ಕೂತೆ. ಮಗ್ಗದಲ್ಲಿ ದುಂಡಗೆ ಅನ್ನೋದು ಮೆಟ್ಟಿಲು ಮೆಟ್ಟಿಲಾಗೇ ಬರೋದು, ಬಿಚ್ಚಿ ಬಿಚ್ಚಿ ಮೂರು ಸಲ ನೇಯ್ದೆ.

ಕಟ್ ಮಾಡಿ ಇಳಿಸಿದ ದಿನ ಗೆಳೆಯನ್ನ ಊಟಕ್ಕೆ ಕರೆದ್ವಿ. ಎಲ್ಲಾ ನೋಡಿ, ಮೂಲೆಗೆ ಬಗ್ಗಿ, "ಇದೇನೋ ಇಡ್ಲಿ?" ಅಂದ.

"ನಿಂದೇ ವೃತ್ತ ಕಣೋ!"

"ನಾನು ಇಡೀ ಪೇಂಟಿಂಗಲ್ಲಿ ವೃತ್ತನೇ ಹಾಕಿಲ್ವಲ್ಲೋ."

ಓಡೋಗಿ ಪ್ರಿಂಟ್ ತಂದು ಹರಡಿದ್ವಿ. ನನ್ನವಳು ಅಡುಗೆಮನೆಯಿಂದ ಬಂದು ಕೈಲಿದ್ದ ಸ್ಟೀಲ್ ಲೋಟ ಮೆಲ್ಲಗೆ ಅದ್ರ ಮೇಲಿಟ್ಳು. ಕರೆಕ್ಟಾಗಿ ಕೂತ್ಕೊಳ್ತು. ಪ್ರಿಂಟ್ ಬಂದ ದಿನ ಡೈನಿಂಗ್ ಟೇಬಲ್ ಮೇಲೆ ಹಾಸಿದ್ದೆ ನೋಡಿ, ಫಿಲ್ಟರ್ ಕಾಫಿ ಕುಡೀತಾ.

ಹ್ಯಾಲಿ ಧೂಮಕೇತು ಕಥೆ ತೆಗೆದೆ, ನೇಕಾರನ ಸ್ವಾತಂತ್ರ್ಯ ಅಂತೆಲ್ಲ. "ಅವ್ರು ಕೇಳಿ ಹಾಕಿದ್ರು ಮಾರಾಯ" ಅಂದ ಗೆಳೆಯ. ನನ್ನವಳದ್ದು ಬೇರೆ ತಕರಾರು, ಮೂಲೇಲಿ ನನ್ನ ಹೆಸರು, ಅವನ ಹೆಸರು ಎರಡೂ ಇದೆ, ಕಾಫಿ ಮಾಡಿದ್ದು ಯಾರು ಅಂತ.