ಶುಗರ್ ಬಂತಂದ್ರ ಬರೀ ಬಾಯಿ ಮ್ಯಾಲೆ ತಪ್ಪು ಹಾಕ್ಬ್ಯಾಡ್ರಿ

ನಮ್ಮ ಕಲಬುರಗಿ ಕಡೆ ಯಾರಿಗಾದರೂ ಶುಗರ್ ಅಂತ ಗೊತ್ತಾದರೆ ಎಲ್ಲರ ಬಾಯಲ್ಲೂ ಒಂದೇ ಪಾಠ: "ಅನ್ನ ಬಿಡ್ರಿ, ಜ್ವಾಳದ ರೊಟ್ಟಿ ತಿನ್ರಿ, ವಾಕಿಂಗ್ ಮಾಡ್ರಿ." ಸಲಹೆ ಸರಿಯೇ. ಆದರೆ ಹುಟ್ಟಿದಾಗಿನಿಂದ ರೊಟ್ಟಿಯನ್ನೇ ತಿಂದು, ದಿನವಿಡೀ ಹೊಲದಲ್ಲಿ ದುಡಿಯುವವನಿಗೂ ಇದನ್ನೇ ಹೇಳುವುದು ಕೇಳಿದರೆ ಸಿಟ್ಟು ಬರುತ್ತದೆ. "ತೊಗರಿಗೆ ಎಷ್ಟು ಸಲ ಎಣ್ಣಿ (ಕೀಟನಾಶಕ) ಹೊಡಿತೀರಿ? ಯಾವ ಬೋರಿನ ನೀರು ಕುಡಿತೀರಿ?" ಅಂತ ಕೇಳಿದ ಡಾಕ್ಟರನ್ನು ನಾನಂತೂ ಕಂಡಿಲ್ಲ. ಶುಗರಿಗೆ ಇವೆರಡರ ನಂಟೂ ಇರಬಹುದು.

ತೊಗರಿ ಹೂ ಬಿಟ್ಟಾಗ ಕಾಯಿಕೊರಕ ಬೀಳುತ್ತದೆ. ಬೆನ್ನಿಗೆ ಪಂಪು, ಮೂಗಿಗೆ ಟಾವೆಲ್, ಕೈಗೆ ಏನೂ ಇಲ್ಲ. ಪ್ರೊಫೆನೊಫಾಸ್, ಕ್ಲೋರ್‌ಪೈರಿಫಾಸ್‌ನಂಥ ಆರ್ಗನೊಫಾಸ್ಫೇಟ್ ಎಂಬ ಗುಂಪಿನ ಕೀಟನಾಶಕಗಳು ಹುಳದ ನರಕ್ಕೆ ಹೊಡೆತ ಕೊಡುತ್ತವೆ. ಚರ್ಮದಿಂದ, ಉಸಿರಿನಿಂದ ಹೊಡೆಯುವವನೊಳಗೂ ಇಳಿಯುತ್ತವೆ. ಮಧುರೈ ಕಾಮರಾಜ್ ವಿಶ್ವವಿದ್ಯಾಲಯದ ಸಂಶೋಧಕರು ತಮಿಳುನಾಡಿನ ಹಳ್ಳಿಗರನ್ನು ಪರೀಕ್ಷಿಸಿ 2017ರಲ್ಲಿ ಬರೆದಿದ್ದನ್ನು ಓದಬೇಕು: ರಕ್ತದಲ್ಲಿ ಈ ವಿಷದ ಅಂಶ ಹೆಚ್ಚಿದ್ದವರಲ್ಲಿ ಶುಗರ್ ಕೂಡ ಹೆಚ್ಚು. ಇಲಿಗಳಿಗೆ ಕೊಟ್ಟು ನೋಡಿದಾಗ, ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಒಡೆದು ಅಸಿಟಿಕ್ ಆಮ್ಲ ಮಾಡಿದವು, ಅದರಿಂದ ದೇಹ ಗ್ಲೂಕೋಸ್ ತಯಾರಿಸಿತು. ಇಲಿ ಮನುಷ್ಯನಲ್ಲ, ಒಪ್ಪುತ್ತೇನೆ. ಆದರೆ ಇಲಿಗೆ ಯಾರೂ ಅನ್ನ ಬಿಡು ಅಂತ ಹೇಳಿರಲಿಲ್ಲವಲ್ಲ!

ಎಣ್ಣಿ ಹೊಡೆಯುವ ಬದಲು ಗಿಡ ಅಲ್ಲಾಡಿಸಿ, ಕೆಳಗೆ ಹಾಸಿದ ತಾಡಪತ್ರಿಗೆ ಹುಳ ಉದುರಿಸುವುದು ನಮ್ಮ ಭಾಗದ ರೈತರೇ ಮಾಡಿಕೊಂಡು ಬಂದ ಪದ್ಧತಿ. ಆಳು ಸಿಗಲ್ಲ ಅನ್ನುವುದು ನಿಜ. ಎಣ್ಣಿ ಅಂಗಡಿಯ ಉದ್ರಿಯಂತೂ ಸುಲಭವಾಗಿ ಸಿಗುತ್ತದೆ.

 ಎಣ್ಣಿಯಷ್ಟೇ ಅಲ್ಲ, ನಮ್ಮ ಇನ್ನೊಂದು ಚಿಂತೆ ನೀರಿನದು.

ಯಾದಗಿರಿ ಜಿಲ್ಲೆ ಸುರಪುರ ಸೀಮೆಯ ಕಿರದಳ್ಳಿ ತಾಂಡಾದ ಹೆಸರು ಎಷ್ಟು ಜನ ಕೇಳಿದ್ದೀರಿ? ಹಳೇ ಚಿನ್ನದ ಗಣಿಯ ನೆಲ ಅದು. ಅಲ್ಲಿನ ಕೊಳವೆಬಾವಿ ನೀರಿನಲ್ಲಿ ಆರ್ಸೆನಿಕ್ ಎಂಬ ವಿಷ ಸಿಕ್ಕಿತು, ಜನರ ಚರ್ಮದ ಮೇಲೆ ಅದರ ಗುರುತು ಕಂಡಿತು. ಕುಡಿಯುವ ನೀರಿನ ಆರ್ಸೆನಿಕ್‌ಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಚರ್ಮದ ಕಲೆ ಕಣ್ಣಿಗೆ ಬೀಳುತ್ತದೆ. ಇನ್ಸುಲಿನ್ ತಯಾರಿಸುವ ಜೀವಕೋಶಗಳಿಗೆ ಆರ್ಸೆನಿಕ್ ಮಾಡುವ ಹಾನಿ ಕಣ್ಣಿಗೆ ಬೀಳುವುದಿಲ್ಲ. ತೈವಾನ್, ಬಾಂಗ್ಲಾದೇಶಗಳಲ್ಲಿ ಇಂಥ ನೀರು ಕುಡಿದವರಲ್ಲಿ ಶುಗರ್ ಹೆಚ್ಚಿದ್ದು ದಾಖಲಾಗಿದೆ.

ಬೋರಿನ ನೀರು ಪರೀಕ್ಷೆಗೆ ಕೊಟ್ಟಾಗ ಫ್ಲೋರೈಡ್ ಜೊತೆ ಆರ್ಸೆನಿಕ್ ಕೂಡ ನೋಡಿ ಅಂತ ಬರೆದುಕೊಡಿ. ಕುದಿಸಿ ಕುಡಿದರೆ ಆಯಿತಲ್ಲ ಅಂತ ಅಣ್ಣಾವ್ರು ಯಾರಾದರೂ ಕಮೆಂಟ್ ಹಾಕುವ ಮೊದಲೇ ಹೇಳಿಬಿಡ್ತೀನಿ: ಕುದಿಸಿದರೆ ಆರ್ಸೆನಿಕ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ.