ಗರಿಷ್ಠ ಬೆಲೆ ದೇಶಕ್ಕೆಲ್ಲ ಒಂದೇ, ಕನಿಷ್ಠ ಕೂಲಿ ಊರಿಗೊಂದು

ಕೋಲಾರ ಜಿಲ್ಲೆಯ ಹಿರಿಮೆಯನ್ನು ಹೊರಗಿನ ಉದ್ಯಮಿಗಳಿಗೆ ಮನಗಾಣಿಸುವ ಸಭೆಯೊಂದರ ಹಿಂದಿನ ಸಾಲಿನಲ್ಲಿ ಈಚೆಗೆ ಕುಳಿತಿದ್ದೆ. ಬಂದವರಿಗೆಲ್ಲ ಗೋಡಂಬಿ ಬಿಸ್ಕತ್ತಿನ ಜೊತೆಗೆ ಹೊಳಪಿನ ಕಾಗದದ ಕೈಪಿಡಿಯೊಂದನ್ನು ಕೊಟ್ಟಿದ್ದರು. ಮೊದಲ ಪುಟದಲ್ಲಿ ಅಂತರಗಂಗೆ ಬೆಟ್ಟ, ಎರಡನೆಯದರಲ್ಲಿ ಸೋಮೇಶ್ವರ ದೇವಾಲಯದ ಗೋಪುರ, ಮೂರನೆಯದರಲ್ಲಿ ಟೊಮೆಟೊ ಮತ್ತು ಮಾವು, ನಾಲ್ಕನೆಯದರಲ್ಲಿ ‘ಕಡಿಮೆ ವೆಚ್ಚದ ಮಾನವ ಸಂಪನ್ಮೂಲ’ ಎಂಬ ಶೀರ್ಷಿಕೆಯ ಕೆಳಗೆ ನಾವು. ನಾವು ಎಂದರೆ ಜಿಲ್ಲೆಯ ಜನ. ಚಿತ್ರದಲ್ಲಿ ಹಳದಿ ಹೆಲ್ಮೆಟ್ ಧರಿಸಿ ನಗುತ್ತಿದ್ದ ಯುವತಿ ಯಾವ ಕೋನದಿಂದಲೂ ನಮ್ಮ ಕಡೆಯವಳಂತೆ ಕಾಣಲಿಲ್ಲ. ಕಡಿಮೆ ವೆಚ್ಚದವಳಂತೆಯೂ ಕಾಣಲಿಲ್ಲ.

ಶ್ರೀನಿವಾಸಪುರದವರು ತಮ್ಮ ಮಾವು ಸಿಹಿ ಎಂದು ಹೇಳಿಕೊಂಡರೆ ಅದನ್ನು ಅಭಿಮಾನ ಎನ್ನುತ್ತೇವೆ. ತಮ್ಮ ಮಕ್ಕಳಿಗೆ ಎಷ್ಟು ಕಡಿಮೆ ಕೊಟ್ಟರೂ ನಡೆಯುತ್ತದೆ ಎಂದು ವೇದಿಕೆಯ ಮೇಲೆ ನಿಂತು ಹೇಳಿಕೊಳ್ಳುವುದಕ್ಕೆ ಮಾತ್ರ ‘ಹೂಡಿಕೆ ಆಕರ್ಷಣೆ’ ಎಂಬ ಬೇರೆಯೇ ಹೆಸರಿದೆ. ಹೆಣ್ಣು ನೋಡಲು ಬಂದವರ ಮುಂದೆ ತಂದೆಯೊಬ್ಬ ಕೈಕಟ್ಟಿ ನಿಂತು, ‘ನಮ್ಮ ಹುಡುಗಿ ಹೆಚ್ಚು ಊಟ ಮಾಡುವವಳಲ್ಲ’ ಎಂದು ಭರವಸೆ ನೀಡಿದಂತಿತ್ತು ಆ ಭಾಷಣ. ಬೀಗರು ಬಿಸ್ಕತ್ತು ತಿನ್ನುತ್ತಾ ತಲೆದೂಗಿದರು.

ಆದರೆ ಈ ಅಗ್ಗತನವನ್ನು ಭಾಷಣಕಾರರು ಕಂಡುಹಿಡಿದರೆಂದು ಹೇಳಿದರೆ ಸರ್ಕಾರಕ್ಕೆ ಅನ್ಯಾಯವಾದೀತು. ಅದು ಕಾಗದದ ಮೇಲೆ, ಮೊಹರಿನ ಸಮೇತ ಇರುವ ಸಂಗತಿ. ಕಾರ್ಮಿಕ ಇಲಾಖೆಯು ಕನಿಷ್ಠ ವೇತನವನ್ನು ನಿಗದಿಪಡಿಸುವಾಗ ರಾಜ್ಯವನ್ನು ವಲಯಗಳಾಗಿ ವಿಂಗಡಿಸುತ್ತದೆ. ಬೆಂಗಳೂರು ನಗರ ಒಂದನೇ ವಲಯ, ಅಲ್ಲಿ ಕೂಲಿ ಹೆಚ್ಚು. ಊರು ಚಿಕ್ಕದಾದಂತೆ ವಲಯದ ಸಂಖ್ಯೆ ಏರುತ್ತದೆ, ಕೂಲಿ ಇಳಿಯುತ್ತದೆ. ಕೈಗಾರಿಕಾ ಇಲಾಖೆಯವರೂ ರಾಜ್ಯವನ್ನು ವಲಯಗಳಾಗಿ ವಿಂಗಡಿಸಿದ್ದಾರೆ, ಆದರೆ ತಲೆಕೆಳಗಾಗಿ. ಅವರ ಪಟ್ಟಿಯಲ್ಲಿ ಬೆಂಗಳೂರು ನಗರ ಮತ್ತು ಗ್ರಾಮಾಂತರ ಜಿಲ್ಲೆಗಳು ಮೂರನೇ ವಲಯ, ಅಂದರೆ ರಿಯಾಯಿತಿಯಲ್ಲಿ ಕಟ್ಟಕಡೆಯವು. ಹಿಂದುಳಿದ ತಾಲ್ಲೂಕುಗಳಿಗೆ ಮೊದಲ ಮಣೆ. ಹೀಗಾಗಿ ಒಂದೇ ಸರ್ಕಾರದ ಒಂದು ಮೇಜಿನ ಮೇಲೆ ಮೊದಲನೆಯದಾಗಿರುವ ಊರು ಪಕ್ಕದ ಮೇಜಿನ ಮೇಲೆ ಕೊನೆಯದು. ಎರಡೂ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ಓದಿದ ಲೆಕ್ಕಪರಿಶೋಧಕನಿಗೆ ಅರ್ಥವಾಗುವುದು ಇಷ್ಟೇ: ಹೊಸಕೋಟೆಯನ್ನು ದಾಟಿ ಕೋಲಾರ ಜಿಲ್ಲೆಯ ನರಸಾಪುರಕ್ಕೆ ಕಾಲಿಟ್ಟರೆ ಕಾರ್ಮಿಕನಿಗೆ ಕಡಿಮೆ ಕೊಡಬಹುದು, ಸರ್ಕಾರದಿಂದ ಹೆಚ್ಚು ಪಡೆಯಬಹುದು.

ಇಂಥ ಹಿಂದುಳಿದಿರುವಿಕೆಗೂ ಪ್ರಮಾಣಪತ್ರ ಬೇಕಲ್ಲ. 2002ರಲ್ಲಿ ಸಲ್ಲಿಕೆಯಾದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿಯು ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಗುರುತಿಸಿ, ಅವುಗಳಲ್ಲೂ ಹಿಂದುಳಿದ, ಅತಿ ಹಿಂದುಳಿದ, ಅತ್ಯಂತ ಹಿಂದುಳಿದ ಎಂಬ ದರ್ಜೆಗಳನ್ನು ಮಾಡಿತ್ತು. ಸಮಿತಿಯ ಉದ್ದೇಶ ಆ ತಾಲ್ಲೂಕುಗಳನ್ನು ಮೇಲೆತ್ತುವುದಾಗಿತ್ತು, ಅನುಮಾನವಿಲ್ಲ. ಆದರೆ ರೋಗವಿರುವವರೆಗೆ ಮಾತ್ರ ಹಾಲು, ಹಣ್ಣು ಸಿಗುವ ಮನೆಯಲ್ಲಿ ಮಗು ಬೇಗ ಗುಣವಾಗುವ ಉತ್ಸಾಹ ತೋರಿಸುವುದು ಕಷ್ಟ. ‘ನಾವು ಅತ್ಯಂತ ಹಿಂದುಳಿದವರು’ ಎಂದು ಒಬ್ಬ ಜನಪ್ರತಿನಿಧಿ ಎದೆತಟ್ಟಿ ಹೇಳಿದರೆ, ಪಕ್ಕದ ತಾಲ್ಲೂಕಿನವರು ‘ನಮ್ಮಷ್ಟೇನಲ್ಲ’ ಎಂದು ಎದ್ದು ನಿಲ್ಲುವ ದೃಶ್ಯ ನಮಗೆ ಹೊಸದಲ್ಲ.

ಇದಿಷ್ಟನ್ನೂ ಒಪ್ಪಿಕೊಳ್ಳಬಹುದಿತ್ತು, ಊರು ಚಿಕ್ಕದಾದಂತೆ ಹಸಿವೂ ಚಿಕ್ಕದಾಗುತ್ತಿದ್ದರೆ. ಅಡುಗೆ ಎಣ್ಣೆಯ ಪೊಟ್ಟಣವನ್ನೋ, ಮಗುವಿನ ಕೆಮ್ಮಿನ ಔಷಧದ ಸೀಸೆಯನ್ನೋ ಕೈಗೆತ್ತಿಕೊಂಡು ನೋಡಿ; ಅದರ ಮೇಲೆ ಗರಿಷ್ಠ ಚಿಲ್ಲರೆ ಬೆಲೆ ಅಚ್ಚಾಗಿರುತ್ತದೆ, ಮತ್ತು ಆ ಬೆಲೆ ಬೆಂಗಳೂರಿನ ಎಂ.ಜಿ. ರಸ್ತೆಯಲ್ಲೂ ವೇಮಗಲ್‌ನ ಸಂತೆಬೀದಿಯಲ್ಲೂ ಒಂದೇ ಆಗಿರುತ್ತದೆ. ಗರಿಷ್ಠ ಬೆಲೆಯ ವಿಷಯಕ್ಕೆ ಬಂದಾಗ ನಾವೆಲ್ಲ ಒಂದೇ ತಾಯಿಯ ಮಕ್ಕಳು. ಕನಿಷ್ಠ ಕೂಲಿಯ ಲೆಕ್ಕ ಬಂದಾಗ ಮಾತ್ರ ನೀನು ಯಾವ ಊರಿನವನಪ್ಪಾ ಎಂಬ ಪ್ರಶ್ನೆ ಏಳುತ್ತದೆ. ಹಳ್ಳಿಯಲ್ಲಿ ಬಾಡಿಗೆ ಕಡಿಮೆ ಎಂಬುದು ಇದಕ್ಕೆ ಕೊಡುವ ಸಮಾಧಾನ. ಬಾಡಿಗೆ ಕಡಿಮೆ ಇದ್ದದ್ದು ಕಾರ್ಖಾನೆ ಬರುವ ಮೊದಲು. ಈಗ ಕೈಗಾರಿಕಾ ಪ್ರದೇಶದ ಸುತ್ತಲಿನ ಹಳ್ಳಿಗಳಲ್ಲಿ ದನದ ಕೊಟ್ಟಿಗೆಗಳೂ ತಗಡಿನ ಶೀಟು ಹೊದ್ದು ‘ರೂಮು ಬಾಡಿಗೆಗಿದೆ’ ಎಂಬ ಹಲಗೆ ನೇತುಹಾಕಿಕೊಂಡಿವೆ. ದನಗಳಿಗೆ ಇಲ್ಲದಿದ್ದ ಮುಂಗಡ ಹಣದ ನಿಯಮ ಒಂದೇ ಹೊಸತು.

ನರಸಾಪುರದ ಟೀ ಅಂಗಡಿಯೊಂದರಲ್ಲಿ ಪಾಳಿ ಬದಲಾಗುವ ಹೊತ್ತಿಗೆ ನಿಂತಿದ್ದಾಗ, ಗಾಜಿನ ಮೇಲೆ ಊರ ಹೆಸರಿನ ಚೀಟಿ ಅಂಟಿಸಿಕೊಂಡ ಬಸ್ಸುಗಳಿಂದ ಇಳಿದವರಲ್ಲಿ ಒಬ್ಬ ಹುಡುಗಿ ತನ್ನ ಸಂಬಳದ ಚೀಟಿಯನ್ನು ಮೊಬೈಲಿನಲ್ಲಿ ತೋರಿಸಿದಳು. ಮೂಲ ವೇತನ, ತುಟ್ಟಿಭತ್ಯೆ, ಅದರ ಕೆಳಗೆ ಪಿಎಫ್‌ಗೆ ಶೇ 12, ಇಎಸ್‌ಐಗೆ ಶೇ 0.75, ಕ್ಯಾಂಟೀನು, ಬಸ್ಸು. ಚೀಟಿಯ ತಲೆಯ ಮೇಲೆ ಇದ್ದದ್ದು ಗುತ್ತಿಗೆದಾರನ ಹೆಸರು. ತಾನು ದಿನವೂ ಒಳಹೋಗುವ ಕಾರ್ಖಾನೆಯ ಹೆಸರು ಎಲ್ಲೂ ಇರಲಿಲ್ಲ. ‘ಅಣ್ಣಾ, ಇದರಲ್ಲಿ ವಲಯ ಅಂತ ಬರೆದಿದ್ದಾರಲ್ಲ, ಅದಕ್ಕೂ ಹಣ ಹಿಡಿಯುತ್ತಾರಾ?’ ಎಂದು ಕೇಳಿದಳು. ಇಲ್ಲಮ್ಮ ಎನ್ನಲು ಬಾಯಿ ತೆರೆದವನು, ಒಂದು ಗುಟುಕು ಟೀ ಕುಡಿದು ಸುಮ್ಮನಾದೆ. ಅವಳ ಪ್ರಶ್ನೆಗೆ ಸರಿಯಾದ ಉತ್ತರ ಹೌದು ಎಂಬುದೇ ಆಗಿತ್ತು.

ಆ ತುಟ್ಟಿಭತ್ಯೆಯ ಕಥೆಯನ್ನೂ ಹೇಳಿಬಿಡಬೇಕು. ಬೆಲೆಯೇರಿಕೆಗೆ ತಕ್ಕಂತೆ ಪ್ರತಿ ವರ್ಷ ಏಪ್ರಿಲ್‌ನಿಂದ ಅದು ಏರಬೇಕೆಂಬುದು ನಿಯಮ. 2020ರ ಏಪ್ರಿಲ್‌ನಲ್ಲಿ ಗಾರ್ಮೆಂಟ್ ಕಾರ್ಮಿಕರಿಗೆ ಏರಬೇಕಾಗಿದ್ದುದು ತಿಂಗಳಿಗೆ 417 ರೂಪಾಯಿ 60 ಪೈಸೆ. ದಿನದ ಲೆಕ್ಕಕ್ಕೆ ಸುಮಾರು 16 ರೂಪಾಯಿ, ಒಂದು ಟೀ ಮತ್ತು ಅರ್ಧ ಬನ್ನು. ಇಷ್ಟು ದೊಡ್ಡ ಮೊತ್ತಕ್ಕೆ ಉದ್ಯಮವೇ ಮುಳುಗೀತೆಂದು ಮರುಗಿದ ಸರ್ಕಾರ ಅದನ್ನು ಒಂದು ವರ್ಷ ಮುಂದೂಡಿ ಜುಲೈನಲ್ಲಿ ಆದೇಶ ಹೊರಡಿಸಿತು. ಹೈಕೋರ್ಟ್ ಆ ಆದೇಶಕ್ಕೆ ತಡೆ ನೀಡಿದ ಮೇಲೂ ಅನೇಕ ಕಾರ್ಖಾನೆಗಳಲ್ಲಿ ಆ ಬನ್ನು ಕಾರ್ಮಿಕರ ಕೈಸೇರಲು 2022ರ ಆರಂಭದವರೆಗೆ ಕಾಯಬೇಕಾಯಿತು. ಕೊಡಿ ಎಂದು ಕೇಳಿದಾಗಲೆಲ್ಲ ಎದುರಾಗುವ ಮಾತು ನಮಗೆ ಬಾಯಿಪಾಠ: ಹೀಗೆಲ್ಲ ಕೇಳಿದರೆ ಕಂಪನಿ ಬೇರೆ ರಾಜ್ಯಕ್ಕೆ ಹೋದೀತು.

ಹೋದೀತು ಎಂಬುದರ ಮಹಿಮೆಯನ್ನು ಬಲ್ಲವರೇ ಬಲ್ಲರು. ನಿಜವಾಗಿ ಹೋಗಬೇಕಾದರೆ ಯಂತ್ರ ಬಿಚ್ಚಬೇಕು, ಲಾರಿ ಕರೆಸಬೇಕು, ಹೊಸ ಊರಿನಲ್ಲಿ ವಿದ್ಯುತ್ತು, ಬಿಡಿಭಾಗ ಒದಗಿಸುವವರು, ಬಂದರಿನ ದಾರಿ ಎಲ್ಲವನ್ನೂ ಹುಡುಕಬೇಕು. ಹೋದೇನು ಎನ್ನುವುದಕ್ಕೆ ಮೊಬೈಲ್ ಸಾಕು. ಇಂಥ ಮಾತಿಗೆ ಕೋಲಾರದಷ್ಟು ಅನುಕೂಲವಾದ ಜಿಲ್ಲೆ ಇನ್ನೊಂದಿಲ್ಲ: ಮಾಲೂರಿನ ಆಚೆ ತಮಿಳುನಾಡಿನ ಹೊಸೂರು, ಮುಳಬಾಗಿಲಿನ ಆಚೆ ಆಂಧ್ರ. ಬೆಂಗಳೂರಿನ ಬಾಗಿಲಲ್ಲೇ ಕುಳಿತು ತನ್ನ ರಾಜ್ಯಕ್ಕೆ ತೆರಿಗೆ ಕಟ್ಟಿಸುವ ವಿದ್ಯೆಯನ್ನು ಹೊಸೂರು 1970ರ ದಶಕದಿಂದಲೇ ಕರಗತ ಮಾಡಿಕೊಂಡಿದೆ. ಪೆನುಕೊಂಡದಲ್ಲಿ ಕಿಯಾ ಕಾರು ತಯಾರಾಗಲು ತೊಡಗಿದ 2019ರಿಂದ ಬಾಗೇಪಲ್ಲಿಯವರು ಆ ಕಡೆ ನೋಡಿ ನಿಟ್ಟುಸಿರು ಬಿಡುತ್ತಿದ್ದಾರೆ.

2024ರ ಜುಲೈ 15ರಂದು ರಾಜ್ಯ ಸಚಿವ ಸಂಪುಟವು ಖಾಸಗಿ ಉದ್ಯಮಗಳಲ್ಲಿ ಆಡಳಿತ ಹುದ್ದೆಗಳ ಶೇ 50, ಇತರ ಹುದ್ದೆಗಳ ಶೇ 70 ಸ್ಥಳೀಯರಿಗೆ ಎಂಬ ಮಸೂದೆಗೆ ಒಪ್ಪಿಗೆ ನೀಡಿತು. ಜುಲೈ 17ರಂದು ಅದನ್ನು ತಡೆಹಿಡಿಯಿತು. ನಡುವಿನ ಎರಡು ದಿನ ಸ್ಥಳೀಯರಾದ ನಾವು ಅಧಿಕೃತವಾಗಿ ಸ್ಥಳೀಯರಾಗಿದ್ದೆವು. ಆಂಧ್ರದ ಐಟಿ ಸಚಿವ ನಾರಾ ಲೋಕೇಶ್ ಆಗಲೇ ಕಂಪನಿಗಳಿಗೆ ವಿಶಾಖಪಟ್ಟಣದ ಆಹ್ವಾನ ಪತ್ರಿಕೆ ಬರೆದಾಗಿತ್ತು. ಮರುವರ್ಷ ಅದೇ ಜುಲೈ 15ರಂದು ದೇವನಹಳ್ಳಿಯ ರೈತರ ದೀರ್ಘ ಹೋರಾಟಕ್ಕೆ ಮಣಿದು 1,777 ಎಕರೆ ಭೂಸ್ವಾಧೀನವನ್ನು ಸರ್ಕಾರ ಕೈಬಿಟ್ಟಾಗಲೂ ಅವರು ತಮ್ಮಲ್ಲಿ ಭೂಮಿ ಸಿದ್ಧವಿದೆ ಎಂದು ಕರೆದರು. ನಮ್ಮ ರಾಜ್ಯದ ರಾಜಪತ್ರವನ್ನು ಇಷ್ಟು ಶ್ರದ್ಧೆಯಿಂದ ಓದುವವರು ನಮ್ಮಲ್ಲೇ ಇಲ್ಲ.

ನಿಯಮಗಳ ವಿಷಯದಲ್ಲೂ ಪೈಪೋಟಿ ಹೀಗೆಯೇ. 2020ರ ಡಿಸೆಂಬರ್ 12ರಂದು ನರಸಾಪುರದ ಐಫೋನ್ ಜೋಡಿಸುವ ಕಾರ್ಖಾನೆಯಲ್ಲಿ ಸಂಬಳ ಸರಿಯಾಗಿ ಬಂದಿಲ್ಲವೆಂದು ಗುತ್ತಿಗೆ ಕಾರ್ಮಿಕರು ಸಿಡಿದೆದ್ದು ಗಾಜು ಪುಡಿಯಾದದ್ದು ಜಗತ್ತಿಗೆಲ್ಲ ಗೊತ್ತು. 8 ಗಂಟೆಯ ಪಾಳಿಯನ್ನು 12 ಗಂಟೆಗೆ ಏರಿಸಿದ್ದೂ ಆಗಿನ ದೂರುಗಳಲ್ಲಿ ಒಂದು. ಸರ್ಕಾರ ಆ ದೂರನ್ನು ಮರೆಯಲಿಲ್ಲ. 2023ರ ಫೆಬ್ರುವರಿಯಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆ ದುಡಿಸಲು ದಾರಿ ಮಾಡಿಕೊಟ್ಟಿತು. ಮೂರು ತಿಂಗಳಿಗೆ 75 ಗಂಟೆಯಿದ್ದ ಹೆಚ್ಚುವರಿ ದುಡಿಮೆಯ ಮಿತಿಯನ್ನು 145ಕ್ಕೆ ಏರಿಸಿತು. ದೂರಿನ ಕಾರಣವನ್ನೇ ಕಾನೂನು ಮಾಡಿಬಿಟ್ಟರೆ ದೂರು ಉಳಿಯುವುದು ಎಲ್ಲಿ? ತಮಿಳುನಾಡು ಇದನ್ನು ನೋಡಿ ಏಪ್ರಿಲ್‌ನಲ್ಲಿ ಅಂಥದೇ ಮಸೂದೆ ಅಂಗೀಕರಿಸಿತು. ಆಮೇಲೆ ನಾಚಿಕೆಯೋ ಮಿತ್ರಪಕ್ಷಗಳ ಭಯವೋ, ಕಾರ್ಮಿಕರ ದಿನದಂದೇ ಹಿಂಪಡೆಯುವುದಾಗಿ ಪ್ರಕಟಿಸಿತು. ನಮ್ಮಲ್ಲಿ ಅಂಥ ಚಂಚಲತೆ ಇಲ್ಲ.

ಕಂಪನಿಗಳು ಬರುವುದಕ್ಕೆ ಏಕಗವಾಕ್ಷಿ ಇದೆ ಎಂದು ಅಂದಿನ ಸಭೆಯಲ್ಲೂ ಹೇಳಿದರು. ಹೋಗುವುದಕ್ಕೆ ಬಾಗಿಲನ್ನು ಅಗಲ ಮಾಡಿರುವುದನ್ನು ಹೇಳಲಿಲ್ಲ: 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ, 300ಕ್ಕಿಂತ ಕಡಿಮೆ ಕಾರ್ಮಿಕರಿರುವ ಕಾರ್ಖಾನೆಯನ್ನು ಮುಚ್ಚಲು ಸರ್ಕಾರದ ಅನುಮತಿ ಬೇಕಿಲ್ಲ, ಮೊದಲು ಆ ಸಂಖ್ಯೆ 100 ಇತ್ತು. ಇನ್ನು ಮೇಲೆ 299 ಎಂಬುದು ನಮ್ಮ ಕಡೆಯ ಶುಭಸಂಖ್ಯೆಯಾದರೆ ಜ್ಯೋತಿಷಿಗಳನ್ನು ದೂರಬಾರದು.

ಬೆಂಗಳೂರು ಒಮ್ಮೆ ಬಳಸಿ ಬಿಟ್ಟ ನೀರನ್ನು ಎರಡು ಹಂತ ಶುದ್ಧೀಕರಿಸಿ ಕೆ.ಸಿ. ವ್ಯಾಲಿ ಯೋಜನೆಯ ಕೊಳವೆಗಳಲ್ಲಿ 2018ರಿಂದ ನಮ್ಮ ಕೆರೆಗಳಿಗೆ ಹರಿಸುತ್ತಿದ್ದಾರೆ. ಮೂರನೇ ಹಂತವೂ ಬೇಕೆಂದು ರೈತರು ಕೇಳುತ್ತಲೇ ಇದ್ದಾರೆ. ಬೆಂಗಳೂರಿಗೆ ದುಬಾರಿಯಾದ ಕಾರ್ಖಾನೆಗಳೂ ಅದೇ ಇಳಿಜಾರಿನಲ್ಲಿ ಹರಿದುಬರುತ್ತಿರುವಾಗ, ಇಲ್ಲಿ ಮಾತ್ರ ಯಾವ ಹಂತದ ಶುದ್ಧೀಕರಣವನ್ನೂ ಕೇಳಬಾರದೆಂಬುದು ಸಭೆಯ ಒಟ್ಟು ಅಭಿಪ್ರಾಯವಾಗಿತ್ತು.

ಹಿಂದೆ ಈ ಜಿಲ್ಲೆಯಲ್ಲಿ ಸ್ಥಳಾಂತರದ ಬೆದರಿಕೆ ಒಡ್ಡಲಾಗದ ಕಂಪನಿಯೊಂದಿತ್ತು. ಕೆಜಿಎಫ್‌ನ ಚಿನ್ನ ನೆಲದೊಳಗಿದ್ದುದರಿಂದ ಗಣಿಯನ್ನು ಹೊಸೂರಿಗೆ ಒಯ್ಯುವಂತಿರಲಿಲ್ಲ. ಹಾಗಾಗಿ ಬ್ರಿಟಿಷರು ಅಗ್ಗದ ಕೈಗಳನ್ನೇ ತಮಿಳು ಜಿಲ್ಲೆಗಳಿಂದ ಸ್ಥಳಾಂತರಿಸಿದರು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಆ ಕೈಗಳ ಮಕ್ಕಳು ಮೊಮ್ಮಕ್ಕಳು ಈಗ ಮಾರಿಕುಪ್ಪಂನಲ್ಲಿ ಬೆಳಗಿನ ಜಾವದ ರೈಲು ಹತ್ತಿ, ಬಂಗಾರಪೇಟೆ, ಮಾಲೂರು ದಾಟಿ, ಒಂದನೇ ವಲಯದ ಕೂಲಿಗಾಗಿ ಬೆಂಗಳೂರಿಗೆ ಹೋಗಿ, ರಾತ್ರಿ ಹಿಂದುಳಿದ ವಲಯಕ್ಕೆ ಮಲಗಲು ಬರುತ್ತಾರೆ. ಕೂಲಿಯ ದರ ನೋಡಿ ದಿನಕ್ಕೆರಡು ಬಾರಿ ಸ್ಥಳಾಂತರಗೊಳ್ಳುವ ಇವರಿಗೆ ಯಾವ ಕೈಗಾರಿಕಾ ನೀತಿಯಲ್ಲೂ ಒಂದು ಸಾಲಿಲ್ಲ. ಸಿಗುವ ರಿಯಾಯಿತಿ ರೈಲ್ವೆಯ ಸೀಸನ್ ಪಾಸ್ ಒಂದೇ, ಮತ್ತು ಅದರ ಹಣವನ್ನೂ ಅವರೇ ಕಟ್ಟುತ್ತಾರೆ.