ಮಲ್ಪೆಯ ಕಂಬಗಲ್ಲು ನೋಡಬೇಕಾದರೆ ಇಳಿತದ ಹೊತ್ತು ನೋಡಿ ಹೋಗಿ

ರಾತ್ರಿ ಬಸ್ ಹತ್ತಿ ಬೆಂಗಳೂರಿನಿಂದ ಉಡುಪಿಗೆ ಹೊರಡುವವರಲ್ಲಿ ಒಂದು ಕೋರಿಕೆ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದರೆ ಬೋಟ್ ಇಳಿದ ಜಾಗದಲ್ಲೇ ಫೋಟೊ ತೆಗೆದು ಹಿಂದಿರುಗಬೇಡಿ. ಅಲ್ಲಿನ ಬಂಡೆಗಳು ಮೂಲೆಮೂಲೆಯ ಕಲ್ಲುಕಂಬಗಳನ್ನು ಒತ್ತೊತ್ತಾಗಿ ಜೋಡಿಸಿಟ್ಟಂತಿವೆ, ಅವುಗಳ ಅಂಚು ಹಿಡಿದು ನಿಧಾನವಾಗಿ ನಡೆಯಿರಿ.

ಈ ಕಂಬಗಳನ್ನು ಬಹಳ ಕಡೆ ಬಸಾಲ್ಟ್, ಅಂದರೆ ಸಿಲಿಕಾ (ಮರಳಿನಲ್ಲಿರುವ ಅಂಶ) ಕಡಿಮೆಯಿರುವ ಕಪ್ಪು ಲಾವಾಕಲ್ಲು, ಎಂದೇ ಬರೆಯುತ್ತಾರೆ. ಇವು ಬಸಾಲ್ಟ್ ಅಲ್ಲ, ಸಿಲಿಕಾ ಹೆಚ್ಚಿರುವ ರಯೊಲೈಟ್, ಡೇಸೈಟ್ ಜಾತಿಯ ಲಾವಾ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ಭೂಭಾಗದಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ ಉಕ್ಕಿದ್ದು. ನಿಜಕ್ಕೂ ಬಸಾಲ್ಟ್ ಆಗಿರುವ ದಖನ್ ಪ್ರಸ್ಥಭೂಮಿಯ ಲಾವಾ ಇದಕ್ಕಿಂತ ಸುಮಾರು ಎರಡು ಕೋಟಿ ವರ್ಷ ಕಿರಿಯದು.

ಕಂಬದ ತಲೆಯನ್ನು ಗಮನಿಸಿ. ಎಲ್ಲವೂ ಆರು ಮೂಲೆಯವಲ್ಲ, ಐದು, ಏಳು ಮೂಲೆಯವೂ ಸಿಗುತ್ತವೆ. ಬೇಸಿಗೆಯಲ್ಲಿ ಕೆರೆಯಂಗಳ ಬಿರುಕು ಬಿಡುವುದನ್ನು ನೆನೆಸಿಕೊಳ್ಳಿ. ಅಲ್ಲಿ ನೀರು ಹೋಗಿ ಮಣ್ಣು ಕುಗ್ಗುತ್ತದೆ, ಇಲ್ಲಿ ಕಾವು ಹೋಗಿ ಕಲ್ಲು ಕುಗ್ಗಿದೆ. ತಣ್ಣಗಾದ ಮೈಯಿಂದ ಬಿರುಕು ನೇರ ಒಳಕ್ಕಿಳಿಯುತ್ತದೆ, ಹಾಗಾಗಿ ಕಂಬ ನೆಟ್ಟಗೆ ನಿಂತಿದ್ದರೆ ಲಾವಾದ ಪದರ ಅಡ್ಡಲಾಗಿ ಹಾಸಿತ್ತು ಎಂದರ್ಥ. ನಿಧಾನವಾಗಿ ಆರಿದ ಕಡೆ ಕಂಬ ದಪ್ಪ, ಬೇಗ ಆರಿದ ಕಡೆ ಸಣ್ಣ.

ಇದೆಲ್ಲ ಬುಡದವರೆಗೆ ಕಾಣಬೇಕಾದರೆ ಸಮುದ್ರ ಇಳಿದಿರಬೇಕು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಇಳಿತ ಹೆಚ್ಚು, ಆದರೆ ಉಬ್ಬರವೂ ಅಷ್ಟೇ ಹೆಚ್ಚು. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ಹೋದ ವಾರದ ಸಮಯವನ್ನು ನಂಬಬೇಡಿ. ತೀರಾ ಇಳಿದಿರುವ ಹೊತ್ತಿಗೆ ಒಂದು ಗಂಟೆ ಮೊದಲೇ ಅಲ್ಲಿದ್ದರೆ ಒಳ್ಳೆಯದು. ನೀರು ತಿರುಗಿದ ಮೇಲೆ ಸಂದುಗಳಲ್ಲಿ ನಿಲ್ಲಬಾರದು.

ಜಾರುವುದು ಎಲ್ಲಿ ಅಂದರೆ, ಒದ್ದೆಯಾಗಿ ಕಪ್ಪು ಅಥವಾ ಹಸಿರಾಗಿ ಕಾಣುವ ಪಾಚಿಯ ಪಟ್ಟಿಯ ಮೇಲೆ. ಒಣಗಿದ ಕಲ್ಲಿನ ಮೇಲೆಯೇ ಕಾಲಿಡಿ. ಹವಾಯಿ ಚಪ್ಪಲಿ ಬೇಡವೇ ಬೇಡ, ಹಿಮ್ಮಡಿ ಕಟ್ಟುವ, ಹಿಡಿತವಿರುವ ರಬ್ಬರ್ ಅಡಿಯ ಪಾದರಕ್ಷೆ ಬೇಕು. ಕಲ್ಲಿಗೆ ಅಂಟಿದ ಚಿಪ್ಪುಗಳು ಅಂಗೈ ಕೊಯ್ಯುತ್ತವೆ. ಕಂಬದಿಂದ ಕಂಬಕ್ಕೆ ಹಾರಬೇಡಿ: ಅಡ್ಡ ಬಿರುಕುಗಳಿಂದ ಮೇಲಿನ ತುಂಡುಗಳು ಸಡಿಲವಾಗಿರುತ್ತವೆ. ಮಳೆಗಾಲದಲ್ಲಿ ಬೋಟ್ ಇರುವುದಿಲ್ಲ. ಕೊನೆಯ ಬೋಟ್ ಎಷ್ಟು ಹೊತ್ತಿಗೆ ಎಂದು ಇಳಿಯುವಾಗಲೇ ಕೇಳಿಕೊಳ್ಳಿ.

ಮಕ್ಕಳಿದ್ದರೆ ಹೊರಡುವ ಮೊದಲು ಒಂದು ಬೆಳಗ್ಗೆ ಲಾಲ್‌ಬಾಗಿನ ಬಂಡೆ ಹತ್ತಿಸಿ. ಅದೂ ಮಲ್ಪೆಯದರಂತೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ವಯಸ್ಸು ಸುಮಾರು 300 ಕೋಟಿ ವರ್ಷ. ಅಲ್ಲಿ ಕಂಬಗಳಿಲ್ಲ, ಬಿಳಿ ಕಪ್ಪು ಪಟ್ಟೆಗಳಿವೆ. ನೆಲದಾಳದಲ್ಲಿ ಬಿಸಿಗೂ ಒತ್ತಡಕ್ಕೂ ಸಿಕ್ಕಿದ ಕಲ್ಲು ಅದು. ಆ ಪಟ್ಟೆಗಳ ಮೇಲೆ ಒಮ್ಮೆ ಕೈಯಾಡಿಸಿದ ಮಗು ಮಲ್ಪೆಯ ಕಂಬ ಕಂಡಾಗ ತಾನೇ ಪ್ರಶ್ನೆ ಕೇಳುತ್ತದೆ.